ಮಂಜಿನ ಊರಿನಲ್ಲಿ ಒಂದು ತಪ್ಪೊಪ್ಪಿಗೆ

ವಿಡಿಯೋ ಗೇಮ್ ಎಂದೊಡನೆ ನಮ್ಮಲ್ಲಿ ಹಲವರ ಹುಬ್ಬು ಗಂಟಿಕ್ಕುತ್ತದೆ. ಮಕ್ಕಳ ಓದು ಹಾಳು, ಕಣ್ಣು ಹಾಳು, ಸದಾ ಗುಂಡು ಹಾರಿಸುವ ಆಟದಿಂದ ಮನಸ್ಸೂ ಹಾಳು ಎಂಬುದು ಹಿರಿಯರ ದೂರು. ಈ ದೂರಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವಂತಿಲ್ಲ. ಆದರೆ ಒಂದು ಕಾಲದಲ್ಲಿ ಸಿನಿಮಾದ ಬಗ್ಗೆಯೂ ಇದೇ ಮಾತು ಕೇಳಿಬರುತ್ತಿತ್ತು. ಅದಕ್ಕೂ ಮೊದಲು ಕಾದಂಬರಿಯ ಬಗ್ಗೆ ಕೇಳಿಬಂದಿತ್ತು. ಒಂದು ಮಾಧ್ಯಮವನ್ನು ಅದರ ಕಳಪೆ ಮಾದರಿಗಳಿಂದಲೇ ಅಳೆಯುತ್ತ ಹೋದರೆ ಜಗತ್ತಿನಲ್ಲಿ ಯಾವ ಮಾಧ್ಯಮಕ್ಕೂ ಮರ್ಯಾದೆ ಉಳಿಯುವುದಿಲ್ಲ. ಒಳ್ಳೆಯ ಕಾದಂಬರಿಯೊಂದನ್ನು ಓದುವಷ್ಟೇ ಗಂಭೀರವಾಗಿ ಒಂದು ಆಟವನ್ನೂ ನೋಡಲು ಸಾಧ್ಯವೇ? ಸಾಧ್ಯ ಎಂದು ನಂಬಿ ಇಲ್ಲಿ ಒಂದು ಆಟವನ್ನು, ಅದರ ನಾಯಕನ ಪಯಣದ ಕೆಲವು ಘಟ್ಟಗಳನ್ನು ಪರಿಶೀಲಿಸಲಾಗಿದೆ.

ಆಟದ ಹೆಸರು 'ಸೈಲೆಂಟ್ ಹಿಲ್ 2'. ಜಪಾನಿನ ಕೊನಾಮಿ ಕಂಪೆನಿಯ 'ಟೀಮ್ ಸೈಲೆಂಟ್' ಎಂಬ ತಂಡ ಇದನ್ನು 2001ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೊರತಂದಿತು. ಮಸಾಶಿ ತ್ಸುಬೊಯಾಮ ನಿರ್ದೇಶಕರು. ಕಥೆ ಹಿರೊಯುಕಿ ಒವಾಕು ಅವರದು. ವಿಕಾರ ಜೀವಿಗಳನ್ನು ರೂಪಿಸಿದವರು ಮಸಾಹಿರೊ ಇಟೊ. ಸಂಗೀತ ಅಕಿರಾ ಯಮಾವೊಕಾ ಅವರದು. 2024ರ ಅಕ್ಟೋಬರಿನಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಇದನ್ನು ಹೊಸ ತಂತ್ರಜ್ಞಾನದಲ್ಲಿ ಮರಳಿ ಕಟ್ಟಿತು. ಇದು 'ಸರ್ವೈವಲ್ ಹಾರರ್' ಎಂಬ ಪ್ರಕಾರಕ್ಕೆ ಸೇರಿದ ಆಟ. 1996ರಲ್ಲಿ ಬಂದ ಕ್ಯಾಪ್ಕಾಮ್ ಕಂಪೆನಿಯ 'ರೆಸಿಡೆಂಟ್ ಈವಿಲ್' ಆಟದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಇಲ್ಲಿ ನಾಯಕ ವೀರನಲ್ಲ. ಅವನ ಬಳಿ ಗುಂಡುಗಳು ಕಡಿಮೆ, ಔಷಧಿ ಕಡಿಮೆ, ಬೆಳಕೂ ಕಡಿಮೆ. ಎದುರಾದವರನ್ನೆಲ್ಲ ಹೊಡೆದುರುಳಿಸುವುದಲ್ಲ, ಹೇಗೋ ಜೀವ ಉಳಿಸಿಕೊಂಡು ಮುಂದಿನ ಬಾಗಿಲು ತಲುಪುವುದೇ ಇಲ್ಲಿ ಗೆಲುವು.

ಇನ್ನು ಮುಂದೆ ಕಥೆಯ ಗುಟ್ಟನ್ನು ಹೇಳದೆ ವಿಮರ್ಶೆ ಸಾಧ್ಯವಿಲ್ಲ. ಇನ್ನೂ ಆಡದವರು ಇದನ್ನು ಗಮನಿಸಬೇಕು.

ಆಟ ಶುರುವಾಗುವುದೇ ಕನ್ನಡಿಯ ಮುಂದೆ. ರಸ್ತೆಬದಿಯ ಒಂದು ಕೊಳಕು ಶೌಚಾಲಯದಲ್ಲಿ ಜೇಮ್ಸ್ ಸಂಡರ್‌ಲ್ಯಾಂಡ್ ಎಂಬ ಸಾಧಾರಣ ಅಮೆರಿಕನ್ ಗಂಡಸು ನಿಂತಿದ್ದಾನೆ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಕೈಯಿಂದ ಮುಖ ಸವರಿಕೊಳ್ಳುತ್ತಾನೆ. ಅವನಿಗೆ ಒಂದು ಪತ್ರ ಬಂದಿದೆ. ಬರೆದವಳು ಅವನ ಹೆಂಡತಿ ಮೇರಿ. ಸೈಲೆಂಟ್ ಹಿಲ್ ಎಂಬ ಸರೋವರ ತೀರದ ಊರಿನಲ್ಲಿ, ತಮ್ಮಿಬ್ಬರಿಗೂ ಪ್ರಿಯವಾದ ಜಾಗದಲ್ಲಿ ಕಾಯುತ್ತಿದ್ದೇನೆ ಎಂದು ಅದರಲ್ಲಿದೆ. ಆದರೆ ಮೇರಿ ಕಾಯಿಲೆಯಿಂದ ಸತ್ತು ಮೂರು ವರ್ಷವಾಯಿತು ಎನ್ನುತ್ತಾನೆ ಜೇಮ್ಸ್. ಸತ್ತವಳು ಪತ್ರ ಬರೆಯಲಾರಳು ಎಂದು ಅವನಿಗೆ ಗೊತ್ತು. ಆದರೂ ಬಂದಿದ್ದಾನೆ. ಈ 'ಆದರೂ' ಎಂಬ ಮಾತಿನ ಮೇಲೆ ಇಡೀ ಆಟ ನಿಂತಿದೆ.

ಅಲ್ಲಿಂದ ಊರಿಗೆ ಇಳಿಯುವ ಕಾಡುದಾರಿ ಬಹಳ ಉದ್ದ. ದಾರಿಯುದ್ದಕ್ಕೂ ಯಾರೂ ಎದುರಾಗುವುದಿಲ್ಲ, ಏನೂ ನಡೆಯುವುದಿಲ್ಲ. ಬರೀ ಮಂಜು, ಹೆಜ್ಜೆಯ ಸದ್ದು. ಬೇರೆ ಆಟಗಳಾಗಿದ್ದರೆ ಎರಡು ನಿಮಿಷದೊಳಗೆ ನಮ್ಮ ಕೈಗೆ ಬಂದೂಕು ಬಂದಿರುತ್ತಿತ್ತು. ಇಲ್ಲಿ ನಮ್ಮನ್ನು ನಡೆಸುತ್ತಲೇ ಹೋಗುತ್ತಾರೆ. ವಾಪಸು ಹೋಗಲು ಮನಸ್ಸಾಗದಷ್ಟು ದೂರ ಬಂದ ಮೇಲೆ ಒಂದು ಸ್ಮಶಾನ ಸಿಗುತ್ತದೆ. ಅಲ್ಲಿ ಏಂಜೆಲಾ ಎಂಬ ಯುವತಿ ತನ್ನ ತಾಯಿಯನ್ನು ಹುಡುಕುತ್ತಿದ್ದಾಳೆ. ಆ ಊರಿಗೆ ಹೋಗಬೇಡಿ, ಅಲ್ಲೇನೋ ಸರಿಯಿಲ್ಲ ಎಂದು ಎಚ್ಚರಿಸುತ್ತಾಳೆ. ಅಪಾಯವಿದ್ದರೂ ತನಗೇನೂ ಅನ್ನಿಸುವುದಿಲ್ಲ ಎಂಬಂತೆ ಜೇಮ್ಸ್ ಉತ್ತರಿಸುತ್ತಾನೆ. ಮೊದಲ ಸಲ ಆಡುವಾಗ ಇದು ಹೆಂಡತಿಯನ್ನು ಕಳೆದುಕೊಂಡವನ ನಿರಾಸೆಯಂತೆ ಕೇಳುತ್ತದೆ. ಎರಡನೇ ಸಲ ಆಡುವಾಗ ಅದೇ ಮಾತು ಬೇರೆಯಾಗಿ ಕೇಳುತ್ತದೆ.

ಈ ಮಂಜಿನ ಬಗ್ಗೆ ಒಂದು ಮಾತು. 1999ರ ಮೊದಲ 'ಸೈಲೆಂಟ್ ಹಿಲ್'ನಲ್ಲಿ ಮಂಜು ಬಂದದ್ದಕ್ಕೆ ಅಂದಿನ ಯಂತ್ರದ ಶಕ್ತಿ ಸಾಲದಿದ್ದದ್ದೂ ಒಂದು ಕಾರಣ. ದೂರದ ಕಟ್ಟಡಗಳನ್ನೆಲ್ಲ ಚಿತ್ರಿಸಿ ತೋರಿಸುವುದು ಅದಕ್ಕೆ ಆಗುತ್ತಿರಲಿಲ್ಲ, ಹಾಗಾಗಿ ಮುಚ್ಚಿಟ್ಟರು. ಇಂದಿನ ಯಂತ್ರಗಳಿಗೆ ಆ ಬಡತನವಿಲ್ಲ. ಆದರೂ 2024ರ ಆವೃತ್ತಿಯಲ್ಲಿ ಮಂಜು ಹಾಗೆಯೇ ಉಳಿದಿದೆ. ಯಂತ್ರದ ಕೊರತೆಯನ್ನು ಮುಚ್ಚಲು ಬಂದದ್ದು ಈ ಕಥೆಯಲ್ಲಿ ಮನುಷ್ಯನ ಕೊರತೆಯನ್ನು ಮುಚ್ಚುವ ಪರದೆಯಾಯಿತು. ಹತ್ತು ಹೆಜ್ಜೆಯಾಚೆಗೆ ಕಾಣದಂತೆ ಬದುಕುವುದು ಜೇಮ್ಸ್‌ಗೆ ಅನುಕೂಲವೇ ಆಗಿದೆ.

ಊರೊಳಗೆ ಅವನಿಗೆ ಒಂದು ಚಿಕ್ಕ ರೇಡಿಯೋ ಸಿಗುತ್ತದೆ. ವಿಕಾರ ಜೀವಿಗಳು ಹತ್ತಿರ ಬಂದರೆ ಅದು ಗೊರಗುಟ್ಟುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಭಯ ಮುಟ್ಟುತ್ತದೆ. ಮೊದಲ ಆಯುಧವೆಂದರೆ ಮೊಳೆ ಹೊಡೆದ ಒಂದು ಹಲಗೆ. ಅದನ್ನು ಅವನು ಬೀಸುವ ರೀತಿಯಲ್ಲಿ ಯಾವ ಕೌಶಲವೂ ಇಲ್ಲ. ಪಾಳುಬಿದ್ದ ವಸತಿ ಕಟ್ಟಡದ ಒಂದು ಕೋಣೆಯಲ್ಲಿ ದರ್ಜಿಯ ಬೊಂಬೆಯೊಂದು ನಿಂತಿದೆ. ಅದರ ಎದೆಗೆ ಸಿಕ್ಕಿಸಿದ್ದ ಟಾರ್ಚನ್ನು ಜೇಮ್ಸ್ ತೆಗೆದುಕೊಳ್ಳುತ್ತಾನೆ. ಬೊಂಬೆ ತೊಟ್ಟಿರುವುದು ಮೇರಿಯ ಬಟ್ಟೆ. ಆಟದ ಕೊನೆಯತನಕ ಅವನಿಗೆ ದಾರಿ ತೋರುವ ಬೆಳಕು ಹೆಂಡತಿಯ ಬಟ್ಟೆಯಿಂದ ಕಿತ್ತುಕೊಂಡದ್ದು. ಈ ಬಗ್ಗೆ ಆಟ ನಮಗೆ ಒಂದು ಮಾತೂ ಹೇಳುವುದಿಲ್ಲ.

ಅದೇ ಕಟ್ಟಡದಲ್ಲಿ ಕಬ್ಬಿಣದ ಸರಳುಗಳಾಚೆ ಒಂದು ಆಕೃತಿ ಸುಮ್ಮನೆ ನಿಂತಿರುತ್ತದೆ. ತಲೆಯ ಮೇಲೆ ಪಿರಮಿಡ್ಡಿನ ಆಕಾರದ ಭಾರವಾದ ಲೋಹದ ಮುಸುಕು. ಅಭಿಮಾನಿಗಳು 'ಪಿರಮಿಡ್ ಹೆಡ್' ಎಂದು ಕರೆಯುವ ಇವನೇ ಆಟದ ಅತ್ಯಂತ ಪ್ರಸಿದ್ಧ ಮುಖ, ಮುಖವೇ ಇಲ್ಲದ ಮುಖ. ಸ್ವಲ್ಪ ಹೊತ್ತಿಗೆ ಜೇಮ್ಸ್ ಕಪಾಟಿನೊಳಗೆ ಅಡಗಿ, ಇವನು ಹೆಣ್ಣಿನ ಕಾಲುಗಳಂತಿರುವ ಬೊಂಬೆಗಳನ್ನು ಹಿಂಸಿಸುವುದನ್ನು ಬಾಗಿಲ ಸಂದಿಯಿಂದ ನೋಡಬೇಕಾಗುತ್ತದೆ. ಈ ದೃಶ್ಯವನ್ನು ಮೆಚ್ಚಿ ಬರೆದವರು ಅನೇಕರು. ಇಲ್ಲಿ ವಿಮರ್ಶಕರು ಸ್ವಲ್ಪ ನಿಲ್ಲಬೇಕು. ಆಸ್ಪತ್ರೆಯಲ್ಲಿ ಬರುವ ದಾದಿಯರೂ ಸೇರಿದಂತೆ ಈ ಊರಿನ ಭೂತಗಳಲ್ಲಿ ಬಹಳಷ್ಟು ಹೆಣ್ಣಿನ ದೇಹದ ವಿಕಾರಗಳು. ಕಾಯಿಲೆಯ ಹೆಂಡತಿಯ ಪಕ್ಕದಲ್ಲಿ ವರ್ಷಗಟ್ಟಲೆ ಕಳೆದ ಗಂಡಸೊಬ್ಬನ ಅದುಮಿಟ್ಟ ಆಸೆ ಮತ್ತು ಜುಗುಪ್ಸೆಗಳು ಹೀಗೆ ರೂಪ ತಾಳಿವೆ ಎಂಬ ಸಮರ್ಥನೆಯುಂಟು. ಕಥೆಯ ದೃಷ್ಟಿಯಿಂದ ಅದು ನಿಜ. ಆದರೆ ಆ ಮನಸ್ಸನ್ನು ಬಯಲಿಗೆಳೆಯುವ ನೆಪದಲ್ಲಿ ಅದೇ ನೋಟವನ್ನು ನಮಗೂ ಹಂಚಿ, ರಂಜನೆಯನ್ನಾಗಿ ಮಾಡುವ ಅಪಾಯವನ್ನು ಆಟ ಪೂರ್ತಿ ದಾಟಿಲ್ಲ. ಪಿರಮಿಡ್ ಹೆಡ್ ಮುಂದೆ ಬೇರೆ ಆಟ, ಸಿನಿಮಾ, ಆಟಿಕೆಗಳಲ್ಲಿ ಮಾರಾಟದ ಸರಕಾದದ್ದು ಇದಕ್ಕೆ ಸಾಕ್ಷಿ. ಜೇಮ್ಸ್‌ನನ್ನು ಬಿಟ್ಟರೆ ಅವನಿಗೆ ಅರ್ಥವೇ ಇಲ್ಲ.

ಸರೋವರದ ಪಕ್ಕದ ಉದ್ಯಾನದಲ್ಲಿ ಮರಿಯಾ ಸಿಗುತ್ತಾಳೆ. ಥೇಟ್ ಮೇರಿಯ ಮುಖ, ಮೇರಿಯ ದನಿ. ಬಟ್ಟೆ ಮತ್ತು ನಡೆನುಡಿ ಮಾತ್ರ ಬೇರೆ. ಆರೋಗ್ಯವಂತೆ, ಚೆಲುವೆ, ಏನೂ ಕೇಳದೆ ಹಿಂದೆ ಬರುವವಳು. ಜೇಮ್ಸ್ ಬಯಸಿದ ಮೇರಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಬ್ಬರೂ ಓಡುತ್ತಾರೆ. ಜೇಮ್ಸ್ ಲಿಫ್ಟಿನೊಳಗೆ ಸೇರುತ್ತಾನೆ, ಬಾಗಿಲು ಮುಚ್ಚುವಾಗ ಹಿಂದಿನಿಂದ ಪಿರಮಿಡ್ ಹೆಡ್ ಮರಿಯಾಳನ್ನು ಕೊಲ್ಲುತ್ತಾನೆ. ಮುಂದೆ ಜೈಲಿನ ಕೆಳಗಿನ ಚಕ್ರವ್ಯೂಹದಲ್ಲಿ ಅವಳು ಕಂಬಿಗಳ ಹಿಂದೆ ಬದುಕಿ ಕುಳಿತಿದ್ದಾಳೆ. ಮೇರಿಗೆ ಮಾತ್ರ ಗೊತ್ತಿರಬಹುದಾದ ಸಂಗತಿಗಳನ್ನು ಹೇಳುತ್ತಾಳೆ. ಸುತ್ತುಬಳಸಿ ಕಂಬಿಯ ಆ ಕಡೆಗೆ ಹೋಗುವಷ್ಟರಲ್ಲಿ ಮತ್ತೆ ಹೆಣವಾಗಿದ್ದಾಳೆ. ಹೆಂಡತಿಯ ಮುಖದ ಹೆಣ್ಣು ತನ್ನ ಕಣ್ಣೆದುರು ಮತ್ತೆ ಮತ್ತೆ ಸಾಯುವುದನ್ನು ಅವನು ನೋಡಲೇಬೇಕು. ಏನನ್ನೋ ಅವನಿಗೆ ನೆನಪಿಸಲು ಊರು ಪಟ್ಟುಹಿಡಿದಿದೆ.

ಈ ಊರಿನಲ್ಲಿ ಜೇಮ್ಸ್ ಒಬ್ಬನೇ ಇಲ್ಲ. ಎಲ್ಲರ ಲೇವಡಿಗೆ ಗುರಿಯಾದ ದಪ್ಪ ಮೈಯ ಎಡ್ಡಿ ಇದ್ದಾನೆ. ಅವಮಾನ ಸಹಿಸಿ ಸಹಿಸಿ ಕೊನೆಗೆ ಬಂದೂಕು ಹಿಡಿದವನು. ನಿನ್ನನ್ನೂ ಈ ಊರೇ ಕರೆಸಿಕೊಂಡಿದೆ, ನೀನೂ ನನ್ನಂತೆಯೇ ಎಂದು ಜೇಮ್ಸ್‌ಗೆ ಹೇಳುತ್ತಾನೆ. ಮಾಂಸದ ಶೀತಗೃಹದಲ್ಲಿ ಇಬ್ಬರಿಗೂ ಹೊಡೆದಾಟವಾಗಿ ಎಡ್ಡಿ ಸಾಯುತ್ತಾನೆ. ತಾನು ಒಬ್ಬ ಮನುಷ್ಯನನ್ನು ಕೊಂದೆನೆಂದು ಜೇಮ್ಸ್ ಕಂಗೆಡುತ್ತಾನೆ. ಅವನ ಮಟ್ಟಿಗೆ ಇದು ಮೊದಲ ಕೊಲೆ. ಅದು ಮೊದಲನೆಯದಲ್ಲ ಎಂಬ ಅನುಮಾನ ಆಡುವವರಿಗೆ ಶುರುವಾಗುವುದು ಇಲ್ಲಿಂದಲೇ.

ಏಂಜೆಲಾಳ ಕಥೆ ಇನ್ನೂ ದಾರುಣ. ತಂದೆಯಿಂದಲೇ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯಕ್ಕೊಳಗಾದವಳು. ಒಮ್ಮೆ ಕನ್ನಡಿಯ ಮುಂದೆ ನೆಲದಲ್ಲಿ ಚಾಕು ಹಿಡಿದು ಮಲಗಿರುತ್ತಾಳೆ. ಚಾಕುವನ್ನು ಜೇಮ್ಸ್‌ಗೆ ಒಪ್ಪಿಸಲು ಬಂದವಳು ಅವನು ಕೈ ಚಾಚಿದ ಕೂಡಲೇ ಹೆದರಿ ಹಿಂದೆ ಸರಿಯುತ್ತಾಳೆ. ಕೊನೆಯ ಭೇಟಿ ಹೋಟೆಲಿನ ಉರಿಯುವ ಮೆಟ್ಟಿಲುಗಳ ಮೇಲೆ. ನನ್ನನ್ನು ಪ್ರೀತಿಸುತ್ತೀಯಾ, ನೋಡಿಕೊಳ್ಳುತ್ತೀಯಾ ಎಂದು ಕೇಳುತ್ತಾಳೆ. ಜೇಮ್ಸ್ ಉತ್ತರಿಸುವುದಿಲ್ಲ. ಇಲ್ಲಿ ಸುಡುವಷ್ಟು ಬಿಸಿ ಎಂದು ಅವನು ಅಂದಾಗ ಅವಳು ತಿರುಗಿ, ನಿನಗೂ ಇದು ಕಾಣುತ್ತದೆಯೇ, ನನಗೆ ಯಾವಾಗಲೂ ಹೀಗೆಯೇ ಎಂಬರ್ಥದ ಮಾತು ಹೇಳಿ ಬೆಂಕಿಯೊಳಗೆ ಮೆಟ್ಟಿಲೇರಿ ಹೋಗುತ್ತಾಳೆ. ಇಡೀ ಆಟದಲ್ಲಿ ಒಬ್ಬರ ನರಕ ಇನ್ನೊಬ್ಬರಿಗೆ ಕಣ್ಣಾರೆ ಕಂಡ ಗಳಿಗೆ ಇದು. ಕಂಡರೂ ಅವನಿಂದ ಏನೂ ಮಾಡಲಾಗುವುದಿಲ್ಲ. ಜೇಮ್ಸ್‌ಗೆ ಪಾರಾಗುವ ದಾರಿಗಳನ್ನು ಕೊಟ್ಟ ಕಥೆಗಾರರು ಯಾವ ಆಯ್ಕೆಯಲ್ಲೂ ಏಂಜೆಲಾಳಿಗೆ ದಾರಿ ಕೊಡಲಿಲ್ಲ. ನೊಂದವಳ ಬದುಕು ಅಪರಾಧಿಯ ಕಥೆಗೆ ಹಿನ್ನೆಲೆಯಾಗಿ ಬಳಕೆಯಾಯಿತು ಎಂಬ ಆಕ್ಷೇಪಕ್ಕೆ ಆಟದ ಬಳಿ ಉತ್ತರವಿಲ್ಲ.

ಇನ್ನುಳಿದವಳು ಲಾರಾ. ಎಂಟು ವರ್ಷದ ತುಂಟ ಹುಡುಗಿ. ಆಸ್ಪತ್ರೆಯಲ್ಲಿ ಮೇರಿಗೆ ಆತ್ಮೀಯಳಾಗಿದ್ದವಳು. ಜೇಮ್ಸ್ ಕಂಬಿಯ ಸಂದಿಯಿಂದ ಕೈ ಚಾಚಿ ಎತ್ತಿಕೊಳ್ಳಬೇಕೆಂದಿದ್ದ ಕೀಲಿಕೈಯನ್ನು ಕಾಲಿನಿಂದ ಒದ್ದು ಓಡುತ್ತಾಳೆ, ಅವನ ಕೈಯನ್ನೂ ತುಳಿಯುತ್ತಾಳೆ. ಅವಳು ಭಯವಿಲ್ಲದೆ ಊರೆಲ್ಲ ಅಲೆಯುವುದನ್ನು ಕಂಡು ನಮಗೆ ಆಶ್ಚರ್ಯವಾಗುತ್ತದೆ. ಕಾರಣ ಸರಳ: ಅವಳ ಕಣ್ಣಿಗೆ ಯಾವ ಭೂತವೂ ಕಾಣುವುದಿಲ್ಲ. ಬಚ್ಚಿಡಲು ಏನೂ ಇಲ್ಲದವಳಿಗೆ ಸೈಲೆಂಟ್ ಹಿಲ್ ಒಂದು ಖಾಲಿ ಊರು, ಅಷ್ಟೇ.

ಹೋಟೆಲಿನಲ್ಲಿ ಲಾರಾ ತನ್ನ ಬಳಿಯಿರುವ ಮೇರಿಯ ಪತ್ರವನ್ನು ತೋರಿಸುತ್ತಾಳೆ. ಅದರಲ್ಲಿ ಎಂಟನೇ ಹುಟ್ಟುಹಬ್ಬದ ಹಾರೈಕೆಯಿದೆ. ಎಂಟು ತುಂಬಿದ್ದು ಯಾವಾಗ ಎಂದು ಜೇಮ್ಸ್ ಕೇಳುತ್ತಾನೆ. ಹೋದ ವಾರ ಎನ್ನುತ್ತಾಳೆ. ಹಾಗಾದರೆ ಮೇರಿ ಮೂರು ವರ್ಷದ ಹಿಂದೆ ಸತ್ತಿರಲು ಸಾಧ್ಯವಿಲ್ಲ. ಅವನ ಸುಳ್ಳು ಒಡೆಯುವುದು ಯಾವ ಭೂತದಿಂದಲೂ ಅಲ್ಲ, ಮಗುವಿನ ಹುಟ್ಟುಹಬ್ಬದ ಲೆಕ್ಕದಿಂದ. ವಿಚಿತ್ರವೆಂದರೆ ಜೇಮ್ಸ್ ಇದನ್ನೂ ಆಸೆಯನ್ನಾಗಿ ತಿರುಗಿಸಿಕೊಳ್ಳುತ್ತಾನೆ: ಹಾಗಾದರೆ ಮೇರಿ ನಿಜಕ್ಕೂ ಇಲ್ಲೇ ಇರಬಹುದೇ? ಸಾಕ್ಷಿ ಎದುರಿಗಿದ್ದರೂ ಮನಸ್ಸು ತನಗೆ ಬೇಕಾದ ತೀರ್ಪನ್ನೇ ಓದುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆತನ ಜೇಬಿನಲ್ಲಿರುವ ಮೇರಿಯ ಪತ್ರವನ್ನು ಕೊನೆಗೊಮ್ಮೆ ತೆರೆದು ನೋಡಿದರೆ ಅದರಲ್ಲಿ ಅಕ್ಷರಗಳೇ ಇರುವುದಿಲ್ಲ. ಇನ್ನೂ ಮುಂದೆ ಹೋದರೆ ಲಕೋಟೆಯೂ ಇರುವುದಿಲ್ಲ. ಆಟ ಇದನ್ನು ಡಂಗುರ ಹೊಡೆದು ತಿಳಿಸುವುದಿಲ್ಲ. ತೆರೆದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

312ನೇ ನಂಬರಿನ ಕೋಣೆ. ಇಲ್ಲೇ ಅವರಿಬ್ಬರೂ ಹಿಂದೆ ರಜೆ ಕಳೆದದ್ದು. ಅಂದು ಮರೆತುಬಿಟ್ಟು ಹೋಗಿದ್ದ ವಿಡಿಯೋ ಟೇಪನ್ನು ಜೇಮ್ಸ್ ಹಾಕಿ ನೋಡುತ್ತಾನೆ. ಮೇರಿ ನಗುತ್ತಾಳೆ, ಮಾತನಾಡುತ್ತಾಳೆ, ಕೆಮ್ಮುತ್ತಾಳೆ. ಚಿತ್ರ ಹರಿದು ಚೂರಾಗುತ್ತದೆ. ಆಮೇಲೆ ಹಾಸಿಗೆ, ಮಲಗಿದ ಮೇರಿ, ಬಗ್ಗಿದ ಜೇಮ್ಸ್, ಅವನ ಕೈಯಲ್ಲಿ ದಿಂಬು. ಕಾಯಿಲೆ ಅವಳನ್ನು ಕೊಲ್ಲಲಿಲ್ಲ, ಗಂಡ ಕೊಂದ.

ಈ ಆಟದ ಮರೆಯಲಾಗದ ಗಳಿಗೆ ಯಾವುದು ಎಂದು ಕೇಳಿದರೆ ಹೆಚ್ಚಿನವರು ಪಿರಮಿಡ್ ಹೆಡ್‌ನ ಹೆಸರು ಹೇಳುತ್ತಾರೆ, ಇಲ್ಲವೇ ಈ ಟೇಪಿನ ಹೆಸರು. ನಿಜವಾದ ಗಳಿಗೆ ಇರುವುದು ಟೇಪು ಮುಗಿದ ಮೇಲೆ. ಜೇಮ್ಸ್ ಕುರ್ಚಿಯಲ್ಲಿ ಕುಸಿದು ಕುಳಿತಿದ್ದಾನೆ. ಬಾಗಿಲು ತೆರೆದು ಲಾರಾ ಬರುತ್ತಾಳೆ, ಮೇರಿ ಸಿಕ್ಕಳೇ ಎನ್ನುತ್ತಾಳೆ. ಮೇರಿ ಇಲ್ಲ, ಸತ್ತಳು ಎನ್ನುತ್ತಾನೆ ಅವನು. ಕಾಯಿಲೆಯಿಂದ ಸತ್ತಳೇ ಎಂದು ಮಗು ಕೇಳುತ್ತದೆ. ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟು ದಿನ ತನಗೆ ತಾನೇ ಹೇಳಿಕೊಂಡ ಸುಳ್ಳು ಅದೇ. ಮಗುವಿನ ಮನಸ್ಸು ನೋಯಬಾರದೆಂಬ ಒಳ್ಳೆಯ ನೆಪವೂ ಸಿದ್ಧವಾಗಿತ್ತು. ಜೇಮ್ಸ್ ಇಲ್ಲ ಎನ್ನುತ್ತಾನೆ. ನಾನೇ ಕೊಂದೆ ಎನ್ನುತ್ತಾನೆ. ಲಾರಾ ಅವನಿಗೆ ಹೊಡೆಯುತ್ತಾಳೆ, ಕೊಲೆಗಾರ ಎಂದು ಕೂಗುತ್ತಾಳೆ, ಮೇರಿಯನ್ನು ವಾಪಸು ಕೊಡು ಎಂದು ಅಳುತ್ತಾಳೆ. ಅವನು ತಡೆಯುವುದಿಲ್ಲ. ಇಡೀ ಕಥೆಯಲ್ಲಿ ಅವನು ಜೀವಂತ ಮನುಷ್ಯರೊಬ್ಬರ ಮುಂದೆ ಬಾಯಿಬಿಟ್ಟು ಸತ್ಯ ಹೇಳುವುದು ಇದೊಂದೇ ಸಲ.

ಇದರ ನಂತರವೇ ಪಿರಮಿಡ್ ಹೆಡ್‌ನ ಕಥೆ ಮುಗಿಯಲು ಸಾಧ್ಯವಾಗುತ್ತದೆ. ಈಗ ಅವನು ಒಬ್ಬನಲ್ಲ, ಇಬ್ಬರಾಗಿದ್ದಾನೆ. ತಾನು ದುರ್ಬಲನಾಗಿದ್ದೆ, ತನ್ನನ್ನು ಶಿಕ್ಷಿಸಲು ಯಾರಾದರೂ ಬೇಕಾಗಿತ್ತು, ಇನ್ನು ಬೇಡ ಎಂದು ಜೇಮ್ಸ್ ಹೇಳುತ್ತಾನೆ. ಹೊಡೆದಾಟದ ಕೊನೆಗೆ ಅವರು ತಮ್ಮ ಈಟಿಗಳಿಂದ ತಮ್ಮನ್ನೇ ಇರಿದುಕೊಳ್ಳುತ್ತಾರೆ. ಸತ್ಯ ಹೇಳಿದವನಿಗೆ ಬಾಡಿಗೆಯ ಶಿಕ್ಷಕರು ಬೇಕಿಲ್ಲ. ತನ್ನನ್ನು ತಾನು ಹಿಂಸಿಸಿಕೊಳ್ಳುವುದೂ ಸತ್ಯದಿಂದ ತಪ್ಪಿಸಿಕೊಳ್ಳುವ ಒಂದು ಉಪಾಯವೇ ಎಂಬ ಒಳನೋಟ ಇಲ್ಲಿದೆ.

ಆಮೇಲೆ ಬರುವ ಉದ್ದನೆಯ ಓಣಿಯಲ್ಲಿ ಆಸ್ಪತ್ರೆಯ ಹಳೆಯ ಸಂಭಾಷಣೆಯೊಂದು ಕೇಳುತ್ತದೆ. ಜೇಮ್ಸ್ ಹೂವು ತಂದಿದ್ದಾನೆ. ಹೂವು ಬೇಡ, ಹೋಗು, ನಾನು ಈಗ ಭೂತದಂತೆ ಕಾಣುತ್ತಿದ್ದೇನೆ ಎಂದು ಮೇರಿ ಅರಚುತ್ತಾಳೆ. ಮರುಕ್ಷಣ ದನಿ ಕುಗ್ಗಿ, ಹೋಗಬೇಡ, ನನ್ನ ಬಳಿಯೇ ಇರು ಎಂದು ಗೋಗರೆಯುತ್ತಾಳೆ. ತೀವ್ರ ಕಾಯಿಲೆಯವರ ಹಾಸಿಗೆ ಪಕ್ಕ ಕುಳಿತು ಬಲ್ಲವರಿಗೆ ಈ ಎರಡೂ ದನಿ ಪರಿಚಿತ. ಸೇವೆ ಮಾಡುವವರ ಮನಸ್ಸಿನಲ್ಲಿ ಪ್ರೀತಿಯ ಜೊತೆಗೇ ದಣಿವು, ಸಿಟ್ಟು, ಇದು ಬೇಗ ಮುಗಿಯಬಾರದೇ ಎಂಬ ಆಲೋಚನೆ ಸುಳಿಯುವುದುಂಟು. ಸುಳಿದದ್ದಕ್ಕೆ ನಾಚಿಕೆಯೂ ಉಂಟು. ಯಾರೂ ಬಾಯಿಬಿಟ್ಟು ಹೇಳದ ಈ ಮಾತನ್ನು ಆಟ ಹೇಳಿಸುತ್ತದೆ. ಕೊನೆಗೆ ಮೇರಿಯ ಛಾಯೆಯ ಮುಂದೆ ಜೇಮ್ಸ್, ನೀನು ನರಳುವುದನ್ನು ನೋಡಲಾರದೆ ಹೀಗೆ ಮಾಡಿದೆ ಎಂದು ಶುರುಮಾಡಿ, ಅಷ್ಟೇ ಅಲ್ಲ, ನಿನ್ನನ್ನು ದ್ವೇಷಿಸಿದ್ದೂ ನಿಜ, ನನ್ನ ಬದುಕು ನನಗೆ ಮರಳಿ ಬೇಕಾಗಿತ್ತು ಎನ್ನುತ್ತಾನೆ. ದಯೆಯಿಂದ ಕೊಂದೆ ಎಂಬ ಸುಂದರವಾದ ಸುಳ್ಳನ್ನು ಅವನು ಕೈಬಿಡುತ್ತಾನೆ.

ಆಟಕ್ಕೆ ಒಂದೇ ಅಂತ್ಯವಿಲ್ಲ. ಯಾವ ಅಂತ್ಯ ಬರಬೇಕೆಂಬುದನ್ನು ಆಡುವವರ ಸಣ್ಣ ಸಣ್ಣ ನಡವಳಿಕೆಗಳು ನಿರ್ಧರಿಸುತ್ತವೆ. ಗಾಯವಾದಾಗ ಬೇಗ ಔಷಧಿ ಹಚ್ಚಿ, ಮೇರಿಯ ಫೋಟೋವನ್ನು ಆಗಾಗ ನೋಡಿದವರ ಜೇಮ್ಸ್ ಊರು ಬಿಟ್ಟು ಲಾರಾಳೊಂದಿಗೆ ಹೊರಡುತ್ತಾನೆ. ಗಾಯವನ್ನು ಲೆಕ್ಕಿಸದೆ, ಏಂಜೆಲಾಳ ಚಾಕುವನ್ನೇ ದಿಟ್ಟಿಸಿದವರ ಜೇಮ್ಸ್ ಕಾರಿನೊಂದಿಗೆ ಸರೋವರದ ಪಾಲಾಗುತ್ತಾನೆ. ಮರಿಯಾಳಿಗೆ ಅಂಟಿಕೊಂಡವರ ಜೇಮ್ಸ್ ಅವಳನ್ನು ಕರೆದುಕೊಂಡು ಹೊರಡುತ್ತಾನೆ, ಆಗ ಅವಳು ಕೆಮ್ಮತೊಡಗುತ್ತಾಳೆ. ಆ ಒಂದು ಕೆಮ್ಮು ಸಾಕು, ಮುಂದಿನದೆಲ್ಲ ನಮಗೆ ಅರ್ಥವಾಗುತ್ತದೆ. ಎರಡನೇ ಸಲ ಆಡಿದವರಿಗೆ, ಸತ್ತವಳನ್ನು ಮಂತ್ರವಿಧಿಯಿಂದ ಎಬ್ಬಿಸಹೊರಡುವ ಇನ್ನೊಂದು ಅಂತ್ಯವಿದೆ. ಹಾಸ್ಯಕ್ಕಾಗಿ ಸೇರಿಸಿದ ಅಂತ್ಯಗಳೂ ಇವೆ. 2024ರ ಆವೃತ್ತಿ ಮತ್ತೆರಡು ಅಂತ್ಯಗಳನ್ನು ಸೇರಿಸಿತು.

ಮೇರಿಯ ಪೂರ್ತಿ ಪತ್ರವನ್ನು ನಾವು ಕೇಳುವುದು ಕೊನೆಯಲ್ಲೇ. ನನ್ನ ಸಿಟ್ಟನ್ನೆಲ್ಲ ನಿನ್ನ ಮೇಲೆ ಕಾರಿದೆ, ನೀನು ನನ್ನನ್ನು ದ್ವೇಷಿಸಿದರೂ ಅರ್ಥಮಾಡಿಕೊಳ್ಳುತ್ತೇನೆ, ಇನ್ನು ನಿನಗಾಗಿ ಬದುಕು ಎಂಬುದು ಅದರ ಸಾರ. ಕೇಳಿ ಕಣ್ಣೊರೆಸಿಕೊಳ್ಳದವರು ಕಡಿಮೆ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಇದು ಮೇರಿ ಬದುಕಿದ್ದಾಗ, ಕಾಯಿಲೆಯಿಂದಲೇ ಸಾಯುತ್ತೇನೆಂದು ನಂಬಿ, ತಾನು ಸತ್ತ ಮೇಲೆ ಗಂಡನಿಗೆ ಕೊಡಲು ದಾದಿಯ ಕೈಗಿತ್ತ ಪತ್ರ. ದ್ವೇಷವನ್ನು ಅವಳು ಕ್ಷಮಿಸಿದಳು. ದಿಂಬನ್ನು ಕ್ಷಮಿಸಲು ಅವಳಿಗೆ ಅವಕಾಶವೇ ಸಿಗಲಿಲ್ಲ. ಆಗದ ಅಪರಾಧಕ್ಕೆ ಮುಂಗಡವಾಗಿ ಯಾರೂ ಕ್ಷಮೆ ಬರೆದುಕೊಡಲಾರರು. ಈ ಪತ್ರವನ್ನು ಜೇಮ್ಸ್‌ನ ಬಿಡುಗಡೆಯ ಆದೇಶವೆಂದು ಓದುವವರು ಮೇರಿ ಬರೆಯದ ಸಾಲೊಂದನ್ನು ಸೇರಿಸಿಕೊಂಡು ಓದುತ್ತಿದ್ದಾರೆ.

ಇನ್ನೂ ಒಂದು ಮಾತು. ಇಷ್ಟೊಂದು ಅಂತ್ಯಗಳಿದ್ದೂ ಒಂದರಲ್ಲೂ ಜೇಮ್ಸ್ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ನ್ಯಾಯಾಲಯದ ಮುಂದೆ ನಿಲ್ಲುವುದಿಲ್ಲ, ಮೇರಿಯ ಕಡೆಯವರ ಮುಂದೆ ತಲೆತಗ್ಗಿಸುವುದಿಲ್ಲ. ಪಾಪವೆಂಬುದು ಒಬ್ಬನ ಮನಸ್ಸಿನೊಳಗೇ ಹುಟ್ಟಿ ಅಲ್ಲೇ ಇತ್ಯರ್ಥವಾಗುವ ಖಾಸಗಿ ವ್ಯವಹಾರ ಎಂಬಂತೆ ಕಥೆ ಮುಗಿಯುತ್ತದೆ. ಮನಸ್ಸಿನ ಆಳಕ್ಕೆ ಇಳಿಯುವ ಕಲೆಗೆ ಹಲವು ಸಲ ಹೊರಗಿನ ಜಗತ್ತು ಮರೆತೇಹೋಗುತ್ತದೆ, ಈ ಆಟವೂ ಅದಕ್ಕೆ ಹೊರತಲ್ಲ. ಕೊಲೆಯಾದವಳಿಗೆ ನ್ಯಾಯ ಎಲ್ಲಿ ಎಂಬ ಪ್ರಶ್ನೆಯನ್ನು ಆಟದಲ್ಲಿ ಕೇಳುವವಳು ಒಬ್ಬಳೇ, ಲಾರಾ. ಅವಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೊದಲ ಅಂತ್ಯದಲ್ಲಿ ಅವಳು ಜೇಮ್ಸ್‌ನ ಜೊತೆ ಹೆಜ್ಜೆ ಹಾಕುತ್ತಾಳೆ. ಯಾಕೆ ಹೋದಳು, ಯಾವಾಗ ಮನಸ್ಸು ಕರಗಿತು ಎಂದು ಹೇಳುವ ಹೊಣೆಯನ್ನು ಕಥೆಗಾರರು ಹೊತ್ತಿಲ್ಲ.

ಆದರೂ ಆ ಕೋಣೆಯ ಆ ಐದು ನಿಮಿಷಗಳಿಗಾಗಿ ಈ ಆಟಕ್ಕೆ ನಾವು ಋಣಿಗಳಾಗಿರಬೇಕು. ದೊಡ್ಡ ತಪ್ಪು ಮಾಡಿದವರು ಸಾಮಾನ್ಯವಾಗಿ ತಪ್ಪೊಪ್ಪಿಕೊಳ್ಳಲು ತಮ್ಮಂಥವರನ್ನೇ ಆರಿಸಿಕೊಳ್ಳುತ್ತಾರೆ. ಅರ್ಥಮಾಡಿಕೊಳ್ಳುವವರು, ಬೆನ್ನು ತಟ್ಟುವವರು ಅವರಿಗೆ ಬೇಕು. ಎಡ್ಡಿಯ ಮುಂದೆ ಹೇಳಿದ್ದರೆ ಜೇಮ್ಸ್‌ಗೆ ಹಾಗೆಯೇ ಒಬ್ಬ ಜೊತೆಗಾರ ಸಿಗುತ್ತಿದ್ದ. ಅವನು ಹೇಳಿದ್ದು ಮೇರಿಯನ್ನು ನಿಜವಾಗಿ ಪ್ರೀತಿಸಿದ್ದ, ತನ್ನನ್ನು ಕ್ಷಮಿಸಲು ಯಾವ ಕಾರಣವೂ ಇಲ್ಲದ ಎಂಟು ವರ್ಷದ ಹುಡುಗಿಗೆ. ಸತ್ಯವನ್ನು ಯಾರ ಮುಂದೆ ಹೇಳಿದರೆ ನಮಗೆ ಅತ್ಯಂತ ಹೆಚ್ಚು ನಷ್ಟವೋ ಅವರ ಮುಂದೆ ಹೇಳಿದಾಗ ಮಾತ್ರ ಅದಕ್ಕೆ ತಪ್ಪೊಪ್ಪಿಗೆ ಎಂಬ ಹೆಸರು ಸಲ್ಲುತ್ತದೆ. ಮಕ್ಕಳ ಕೈಯಿಂದ ಆಟದ ಯಂತ್ರವನ್ನು ಕಿತ್ತಿಡುವ ಹಿರಿಯರು ಕಿತ್ತಿಡಲಿ, ಈ ಆಟ ಮಕ್ಕಳಿಗಾಗಿ ಮಾಡಿದ್ದೂ ಅಲ್ಲ. ಕಿತ್ತಿಟ್ಟ ಮೇಲೆ ಬಿಡುವಿದ್ದರೆ ಆ ಹಿರಿಯರೇ ಒಮ್ಮೆ ಆಡಿ ನೋಡಬೇಕಾದ ಆಟವಿದು.